‘ಸರ್ವಿಸ್ ಆಗಿದೆ’ ಎನ್ನುವ ಆಗ್ಫಾ ಐಸೊಲೆಟ್ ಕೊಳ್ಳುವ ಮುನ್ನ

ಹಳೆಯ ಜರ್ಮನ್ ಮಡಚುವ ಕ್ಯಾಮೆರಾ ಕೊಳ್ಳಬೇಕೆಂದಿರುವವರು, ಅದರಲ್ಲೂ ಜರ್ಮನಿಯಲ್ಲಿರುವ ಗೆಳೆಯರ ಕೈಯಲ್ಲಿ ತರಿಸಿಕೊಳ್ಳಲು ಹೊರಟವರು, ದುಡ್ಡು ಕಳುಹಿಸುವ ಮೊದಲು ಇದನ್ನು ಓದಿ. ಮ್ಯೂನಿಕ್‌ನ ಹಳೆ ಸಾಮಾನಿನ ಸಂತೆಯಲ್ಲಿ ಒಬ್ಬ ವ್ಯಾಪಾರಿ ನನಗೆ ಚೆನ್ನಾಗಿ ಟೋಪಿ ಹಾಕಿದ್ದಾನೆ.

ಕ್ಯಾಮೆರಾ 1950ರ ದಶಕದ ಆಗ್ಫಾ ಐಸೊಲೆಟ್ 3, ಅದೇ ಊರಿನ ಕಾರ್ಖಾನೆಯದು. ನಾಲ್ಕು ಗಾಜುಗಳ ಸೊಲಿನಾರ್ ಲೆನ್ಸ್, ‘120’ ಎಂಬ ಅಗಲದ ಫಿಲ್ಮ್ ಸುರುಳಿಯಲ್ಲಿ 6×6 ಸೆಂಟಿಮೀಟರ್ ಅಳತೆಯ 12 ಚಿತ್ರ, ಮಡಚಿದರೆ ಕೋಟಿನ ಜೇಬಿಗೆ ಇಳಿಯುವ ಗಾತ್ರ. ಹೊರಮೈ ಫಳಫಳ ಹೊಳೆಯುತ್ತಿತ್ತು. “ಪೂರ್ತಿ ಸರ್ವಿಸ್ ಆಗಿದೆ, ಫಿಲ್ಮ್ ಹಾಕಿಯೂ ನೋಡಿದ್ದೇನೆ” ಎಂದು ಆಣೆಯಿಟ್ಟವನಂತೆ ಹೇಳಿ, ಪಕ್ಕದವರು ಕೇಳುತ್ತಿದ್ದುದರ ದುಪ್ಪಟ್ಟು ಬೆಲೆ ತೆಗೆದುಕೊಂಡ.

ಮೊದಲ ರೋಲಿನ ಒಂದು ಚಿತ್ರವೂ ದಕ್ಕಲಿಲ್ಲ. ಎಲ್ಲದರ ಮೇಲೂ ಬೆಳಕು ನುಗ್ಗಿದ ಬಿಳಿ ಕಲೆಗಳು. ದೂರದ ಚರ್ಚ್ ಗೋಪುರಗಳು ಮಂಜಿನೊಳಗೆ ನಿಂತಂತೆ ಮಸುಕು.

ಬಿಳಿ ಕಲೆಗೆ ಕಾರಣ ಬೆಲ್ಲೋಸ್, ಅಂದರೆ ಲೆನ್ಸಿಗೂ ಫಿಲ್ಮಿಗೂ ನಡುವೆ ಬೆಳಕು ತಡೆಯುವ ಮಡಿಕೆ ಮಡಿಕೆಯ ಚೀಲ. ಇನ್ನೊಂದು ಜರ್ಮನ್ ಕಂಪನಿ ಝೈಸ್ ಇಕಾನ್‌ನ ಇಕೊಂಟಾ ಎಂಬ ಮಡಚುವ ಕ್ಯಾಮೆರಾಗಳಲ್ಲಿ ಬೆಲ್ಲೋಸ್ ಇಂದಿಗೂ ಗಟ್ಟಿಯಾಗಿ ಉಳಿದಿರುವುದು ಸಾಮಾನ್ಯ. ಯುದ್ಧಾನಂತರದ ಆಗ್ಫಾಗಳದು ಈ ವಿಷಯದಲ್ಲಿ ಕೆಟ್ಟ ಹೆಸರು: ಕೃತಕ ಲೇಪದ ಆ ವಸ್ತು ಮಡಿಕೆಯ ಮೂಲೆಗಳಲ್ಲಿ ಸವೆದು ಸೂಜಿಮೊನೆಯಷ್ಟು ತೂತು ಬೀಳುತ್ತದೆ. ನನ್ನ ‘ಸರ್ವಿಸ್’ ಕ್ಯಾಮೆರಾದ ಮೂಲೆಗಳಿಗೆ ಕಪ್ಪು ಬಣ್ಣ ಮೆತ್ತಲಾಗಿತ್ತು. ಕೆಲವು ಸಲ ಮಡಚಿ ತೆರೆದದ್ದೇ ತಡ, ಬಣ್ಣ ಬಿರಿದು ತೂತುಗಳು ಹೊರಬಿದ್ದವು. ಕೊಳ್ಳುವಾಗ ಹಿಂಬಾಗಿಲು ತೆರೆದು, ಮೊಬೈಲ್ ಟಾರ್ಚನ್ನು ಒಳಗೆ ಹಿಡಿದು, ತಲೆಯ ಮೇಲೆ ಜಾಕೆಟ್ ಹೊದ್ದುಕೊಂಡು ಹೊರಗಿನಿಂದ ಮೂಲೆಗಳನ್ನು ನೋಡಿ. ಸಂತೆಯ ಜನ ನಕ್ಕರೆ ನಗಲಿ. ಆದರೆ ಬಣ್ಣ ಹೊಸದಾಗಿದ್ದರೆ ಟಾರ್ಚಿಗೂ ತೂತು ಕಾಣದು. ಮೂಲೆಗಳಲ್ಲಿ ದಪ್ಪನೆಯ ಹೊಳಪು ಕಂಡರೆ ಬೆಲ್ಲೋಸ್ ಹೋಗಿದೆ ಎಂದೇ ಲೆಕ್ಕ.

ಮಸುಕಿನ ಕಥೆ ಇನ್ನೂ ಹೊಲಸು. ಈ ಕ್ಯಾಮೆರಾದಲ್ಲಿ ಫೋಕಸ್ ಆಗುವುದು ಮುಂಭಾಗದ ಗಾಜು ತಿರುಗಿದಾಗ. ಅದರ ತಿರುಪಿನ ಎಳೆಗಳಿಗೆ ಆಗ್ಫಾ ಹಚ್ಚಿದ್ದ ಗ್ರೀಸ್ ವರ್ಷಗಳು ಕಳೆದಂತೆ ಹಸಿರುಗಟ್ಟಿ ಅಂಟಿನಂತಾಗುತ್ತದೆ. ಬಲವಂತವಾಗಿ ತಿರುಗಿಸಿದರೆ ಮುಂಭಾಗದ ಗಾಜು ತನ್ನ ಎಳೆಯಲ್ಲಿ ಕದಲುವುದಿಲ್ಲ. ಅದಕ್ಕೆ ಅಂಟಿಕೊಂಡ ಎರಡನೆಯ ಗಾಜು ತನ್ನ ಜಾಗದಿಂದ ಬಿಚ್ಚಿಕೊಳ್ಳುತ್ತದೆ. ಫೋಕಸ್ ಉಂಗುರವೇನೋ ತಿರುಗುತ್ತದೆ, ಅದರ ಮೇಲಿನ ದೂರದ ಅಳತೆ ಮಾತ್ರ ಪೂರಾ ತಪ್ಪು. ನನ್ನದನ್ನು ಬಿಚ್ಚಿದ ರಿಪೇರಿಯವರು ತೋರಿಸಿದ್ದು ಇದನ್ನೇ: ಗ್ರೀಸನ್ನು ಯಾರೂ ಮುಟ್ಟಿಯೇ ಇರಲಿಲ್ಲ, ಇಕ್ಕಳದ ಗೀರು ಮಾತ್ರ ಇತ್ತು.

ವ್ಯಾಪಾರಿಯ ಜಾಣತನ ಇಲ್ಲಿದೆ. ಅವನು ನನಗೆ ರೇಂಜ್‌ಫೈಂಡರ್ (ವಸ್ತು ಎಷ್ಟು ದೂರದಲ್ಲಿದೆ ಎಂದು ಅಳೆಯುವ ಸಾಧನ) ತೋರಿಸಿ, “ನೋಡಿ, ಎಷ್ಟು ಕರಾರುವಾಕ್ಕು” ಎಂದಿದ್ದ. ಅದು ನಿಜವೇ ಆಗಿತ್ತು. ಆದರೆ ಐಸೊಲೆಟ್ 3ರಲ್ಲಿ ರೇಂಜ್‌ಫೈಂಡರಿಗೂ ಲೆನ್ಸಿಗೂ ಸಂಬಂಧವಿಲ್ಲ. ಅದರಲ್ಲಿ ದೂರ ಓದಿಕೊಂಡು ಲೆನ್ಸಿನ ಉಂಗುರವನ್ನು ನಾವೇ ಅಷ್ಟಕ್ಕೆ ತಿರುಗಿಸಬೇಕು. ಅದು ಸರಿಯಿದ್ದ ಮಾತ್ರಕ್ಕೆ ಲೆನ್ಸ್ ಸರಿಯಿದೆ ಎಂದಾಗುವುದಿಲ್ಲ. ಫಿಲ್ಮ್ ಕೂರುವ ಜಾಗಕ್ಕೆ ಟ್ರೇಸಿಂಗ್ ಕಾಗದ ಬಿಗಿಯಾಗಿ ಅಂಟಿಸಿ, ಶಟರನ್ನು ‘ಬಿ’ಯಲ್ಲಿ (ಗುಂಡಿ ಒತ್ತಿರುವಷ್ಟು ಹೊತ್ತು ತೆರೆದಿರುವ ಸ್ಥಾನ) ತೆರೆದಿಟ್ಟು, ಅಪರ್ಚರ್ ಎಂಬ ಲೆನ್ಸಿನ ಕಿಂಡಿಯನ್ನು ಪೂರ್ತಿ ಅಗಲಿಸಿ, ಉಂಗುರವನ್ನು ಅನಂತದ (∞) ಗುರುತಿಗೆ ತಂದು ದೂರದ ಕಟ್ಟಡವನ್ನು ನೋಡಿ. ಕಾಗದದ ಮೇಲೆ ಅಂಚುಗಳು ಚೂಪಾಗಿ ಮೂಡದಿದ್ದರೆ ಅಲ್ಲೇ ಬಿಟ್ಟು ಬನ್ನಿ.

ಶಟರನ್ನೂ 1 ಸೆಕೆಂಡಿಗಿಟ್ಟು ಕಿವಿಗೊಡಿ. ನಡುವೆ ತಡವರಿಸಿ ನಿಂತರೆ ಅದಕ್ಕೂ ಖರ್ಚಿದೆ.

ಹಿಂದಿರುಗಿಸಲು ಹೋದಾಗ ಸಿಕ್ಕ ಉತ್ತರ, “ಎಪ್ಪತ್ತು ವರ್ಷದ ವಸ್ತು, ಹೇಗಿದೆಯೋ ಹಾಗೆ.” ಸರ್ವಿಸ್ ಮಾಡಿದ ರಸೀದಿ ಕೇಳಿದರೆ ಮುಖ ತಿರುಗಿಸಿದ. ಹೊಸ ಬೆಲ್ಲೋಸ್ ಮತ್ತು ಲೆನ್ಸ್ ಕೆಲಸಕ್ಕೆ ರಿಪೇರಿಯವರು ಹೇಳಿದ ಮೊತ್ತ ಕ್ಯಾಮೆರಾದ ಬೆಲೆಯನ್ನೇ ಮೀರಿಸಿತು. ಸೊಲಿನಾರ್ ನಿಜಕ್ಕೂ ಒಳ್ಳೆಯ ಲೆನ್ಸ್, ಅದಕ್ಕೆ ಆಸೆಪಡುವುದು ತಪ್ಪಲ್ಲ. ಆದರೆ ಧೂಳು ಹಿಡಿದ, ಯಾರೂ ಕೈಯಾಡಿಸದ ಐಸೊಲೆಟನ್ನು ಅಗ್ಗಕ್ಕೆ ಹಿಡಿದು, ಬೆಲ್ಲೋಸಿನ ಖರ್ಚನ್ನು ಮೊದಲೇ ಬೆಲೆಗೆ ಸೇರಿಸಿಕೊಂಡು ಚೌಕಾಸಿ ಮಾಡಿ.