ಕಾಂಡ್ಲವೂ ಬೇಕು, ಖಾಲಿ ಕಡಲೂ ಬೇಕು: ಕಾಸರಕೋಡು, ಕೋಡಿ, ಅಘನಾಶಿನಿ

ಗೆಳೆಯರು ಕೇಳುವುದು ಹೆಚ್ಚುಕಡಿಮೆ ಒಂದೇ ಥರ. "ಗದ್ದಲ ಇರಬಾರದು, ರೆಸಾರ್ಟ್ ಬೇಡ, ಬೀಚ್ ಖಾಲಿ ಇರಬೇಕು, ಕಾಂಡ್ಲ ಕಾಡೂ ನೋಡಬೇಕು. ಎಲ್ಲಿಗೆ ಹೋಗೋಣ?" ಕಾಂಡ್ಲ ಅಂದರೆ ಮ್ಯಾಂಗ್ರೋವ್, ಉಪ್ಪುನೀರಿನ ಕೆಸರಿನಲ್ಲಿ ಬೆಳೆಯುವ ಮರ. ನಾವು ಘಟ್ಟದ ಮೇಲಿನವರು. ದೇವಿಮನೆ ಘಟ್ಟ ಇಳಿದರೆ ಕುಮಟಾ. ರಜೆ ಸಿಕ್ಕಾಗೆಲ್ಲ ಕೆಳಗೆ ಇಳಿಯುವ ಚಟ ಇದೆ. ಗೋಕರ್ಣ, ಮುರುಡೇಶ್ವರ ಈ ಲೆಕ್ಕಕ್ಕೆ ಬರುವುದಿಲ್ಲ. ಶನಿವಾರ ಅಲ್ಲಿ ಕಾರು ನಿಲ್ಲಿಸಲು ಜಾಗ ಸಿಕ್ಕರೆ ಅದೇ ಪುಣ್ಯ. ಉಳಿದದ್ದು ಮೂರು: ಹೊನ್ನಾವರದ ಕಾಸರಕೋಡು, ಕುಂದಾಪುರದ ಕೋಡಿ, ಕುಮಟಾ ತಾಲೂಕಿನ ಅಘನಾಶಿನಿ ಮತ್ತು ಕಾಗಾಲ. ಮೂರನ್ನೂ ಬೇರೆ ಬೇರೆ ಹಂಗಾಮಿನಲ್ಲಿ, ಬೇರೆ ಬೇರೆ ಜನರ ಜೊತೆ ಸುತ್ತಿದ್ದೇನೆ. ನನ್ನ ಒಲವು ಅಘನಾಶಿನಿಯ ಕಡೆಗೆ. ಹಾಗಂತ ಕೇಳಿದವರನ್ನೆಲ್ಲ ಅಲ್ಲಿಗೇ ಕಳಿಸುವುದಿಲ್ಲ.

ಮೊದಲು ಒಂದು ವಿಷಯ ಗೊತ್ತಿರಲಿ. ಕಡಲಿನ ಅಲೆ ಬಡಿಯುವ ಮರಳಿನಲ್ಲಿ ಕಾಂಡ್ಲ ಬೆಳೆಯುವುದಿಲ್ಲ. ಅದಕ್ಕೆ ಕೆಸರು ಬೇಕು, ಅಲೆಯಿಲ್ಲದ ನೀರು ಬೇಕು, ಉಪ್ಪು ಸಿಹಿ ಎರಡೂ ಬೆರೆಯುವ ಜಾಗ ಬೇಕು. ಅಂದರೆ ಅದು ಇರುವುದು ಬೀಚಿನ ಬೆನ್ನಿಗೆ, ಹೊಳೆಯ ಕಡೆ. ಎದುರಿಗೆ ಕಡಲು, ಪಕ್ಕದಲ್ಲೇ ಕಾಂಡ್ಲ ಅಂತ ಫೋಟೋ ನೋಡಿ ಹೊರಟವರು ಬೀಚಿಗೆ ಬಂದು, ಗಾಳಿಮರದ ತೋಪು ನೋಡಿ, "ಎಲ್ಲಿ ಇದೆ ನಿಮ್ಮ ಕಾಂಡ್ಲ?" ಅಂತ ಕೇಳುತ್ತಾರೆ. ಹಾಗಾಗಿ ಈ ಮೂರು ಜಾಗದಲ್ಲಿ ಆರಿಸುವಾಗ ನಾನು ನೋಡುವುದು ಬೀಚಿನ ಅಂದವನ್ನಲ್ಲ. ಈ ಎರಡು ದಡಗಳ ನಡುವೆ ಏನಿದೆ, ಅದನ್ನು ದಾಟುವುದು ಹೇಗೆ ಅನ್ನುವುದನ್ನು.

ಕಾಸರಕೋಡಿನಲ್ಲಿ ದಾಟುವುದು ಸಲೀಸು. ಎಲ್ಲ ವ್ಯವಸ್ಥೆ ಮಾಡಿಟ್ಟಿದ್ದಾರೆ. ಹೊನ್ನಾವರದಿಂದ ಶರಾವತಿ ಸೇತುವೆ ದಾಟಿದರೆ ಸಾಕು. ಬಲಗಡೆ ಕಡಲಿನತ್ತ ಇಕೋ ಬೀಚ್. 2020ರಲ್ಲಿ ಪಡುಬಿದ್ರಿಯ ಜೊತೆಗೆ ಇದಕ್ಕೂ ಬ್ಲೂ ಫ್ಲ್ಯಾಗ್ ಸಿಕ್ಕಿತು. ಅದು ಡೆನ್ಮಾರ್ಕಿನ ಸಂಸ್ಥೆಯೊಂದು ಕೊಡುವ ಮಾನ್ಯತೆ. ನೀರಿನ ಶುದ್ಧತೆ, ಸುರಕ್ಷತೆ, ಶೌಚಾಲಯ ಅಂತ 33 ಅಂಶ ನೋಡುತ್ತಾರೆ. ಪರಿಣಾಮ ಕಣ್ಣಿಗೆ ಕಾಣುತ್ತದೆ: ಬಟ್ಟೆ ಬದಲಿಸಲು ಕೋಣೆ, ಸ್ನಾನಕ್ಕೆ ನೀರು, ಕಾವಲಿಗೆ ಜೀವರಕ್ಷಕರು. ಮರಳಿನಲ್ಲಿ ಪ್ಲಾಸ್ಟಿಕ್ ಹುಡುಕಿದರೂ ಸಿಗುವುದು ಕಡಿಮೆ. ಅಲ್ಲಿಂದ ಗಾಡಿ ಹತ್ತಿ ಇಳಿದರೆ ಅರಣ್ಯ ಇಲಾಖೆಯ ಶರಾವತಿ ಕಾಂಡ್ಲ ವನ. ಕೆಸರಿನ ಮೇಲೆ ಹಲಗೆ ಹಾಸಿ ಮಾಡಿದ ದಾರಿ. ಕಾಲಿಗೆ ಕೆಸರು ತಾಗದೆ ಮರಗಳ ನಡುವೆ ನಡೆಯಬಹುದು. ಬಗ್ಗಿ ನೋಡಿದರೆ ಏಡಿ ಕಾಣುತ್ತದೆ. ಮಂಡಿನೋವಿನ ಅಮ್ಮನಿಗೂ, ಓಡಾಡುವ ಪುಟ್ಟ ಮಕ್ಕಳಿಗೂ ಇದಕ್ಕಿಂತ ಒಳ್ಳೆಯ ಜಾಗ ಈ ಮೂರರಲ್ಲಿ ಇಲ್ಲ.

ಆದರೆ ಮೌನ ಕೇಳಬೇಡಿ. ಹಲಗೆ ದಾರಿಯಲ್ಲಿ ನಿಂತರೆ ಹೆದ್ದಾರಿ 66ರ ಲಾರಿ ಹಾರ್ನ್ ಕೇಳುತ್ತದೆ. ಭಾನುವಾರ ಸಂಜೆಯಾದರೆ ಒಬ್ಬರ ಸೆಲ್ಫಿ ಮುಗಿಯುವವರೆಗೆ ಹಿಂದಿನವರೆಲ್ಲ ಸಾಲಾಗಿ ನಿಲ್ಲಬೇಕು. ಪಕ್ಕದ ಟೊಂಕ ಊರಿನ ಕಡೆ ದೂರ ನಡೆದರೆ ಜನ ಕಡಿಮೆಯಾಗುತ್ತಾರೆ. ಅದು ಚಳಿಗಾಲದಲ್ಲಿ ಕಡಲಾಮೆ ಮೊಟ್ಟೆ ಇಡುವ ದಂಡೆ. ಅಲ್ಲಿ ರಾತ್ರಿ ಟಾರ್ಚು ಹಿಡಿದು ತಿರುಗುವುದು, ಮರಳಿನ ಮೇಲೆ ಗಾಡಿ ಓಡಿಸುವುದು ಎರಡೂ ತಪ್ಪು.

ಕೋಡಿಯದ್ದು ಬೇರೆ ಕಥೆ. ಚಿಕ್ಕದಾಗಿ ಹೇಳುತ್ತೇನೆ, ಯಾಕೆಂದರೆ ಬೀಚಿನ ಮಟ್ಟಿಗೆ ಅದು ನನಗೆ ಅಷ್ಟೇನೂ ಹಿಡಿಸಲಿಲ್ಲ. ಉದ್ದ ದಂಡೆ, ದೀಪಸ್ತಂಭ, ಹೊಳೆ ಕಡಲು ಸೇರುವ ಅಳಿವೆ ಬಾಯಿಯಲ್ಲಿ ಕಡಲೊಳಗೆ ಚಾಚಿದ ಕಲ್ಲಿನ ತಡೆಗೋಡೆ. ಸಂಜೆ ಕುಂದಾಪುರದವರೆಲ್ಲ ಅದರ ಮೇಲೆ ಗಾಳಿ ತಿನ್ನಲು ಬರುತ್ತಾರೆ. ಎದುರು ದಡದಲ್ಲಿ ಗಂಗೊಳ್ಳಿ. ಬೋಟುಗಳು ಒಳಗೆ ಬರುವುದನ್ನು ನೋಡುತ್ತಾ ಕೂತರೆ ಹೊತ್ತು ಹೋದದ್ದು ಗೊತ್ತಾಗುವುದಿಲ್ಲ. ಆದರೆ ಕಾಂಡ್ಲ ನೋಡಬೇಕು ಅಂದರೆ ದೋಣಿ ಬೇಕೇ ಬೇಕು. ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಖೇಟಾ ಐದೂ ಸೇರುವ ಪಂಚಗಂಗಾವಳಿಯಲ್ಲಿ ಕುದ್ರುಗಳ, ಅಂದರೆ ಹೊಳೆ ನಡುವಿನ ದ್ವೀಪಗಳ ಅಂಚಿಗೆ ಕಾಂಡ್ಲ ಒತ್ತಾಗಿ ಬೆಳೆದಿದೆ. ದೋಣಿಯಿಂದ ನೋಡುವಾಗ ನಿಜಕ್ಕೂ ಸೊಗಸು. ಬಾಡಿಗೆ ಮಾತ್ರ ಹತ್ತುವ ಮೊದಲೇ ಮಾತಾಡಿಕೊಳ್ಳಿ. ನಾವು ಹೋದಾಗ ನೀರು ಇಳಿದಿತ್ತು, ದೋಣಿಯವರು ದಡದ ಹತ್ತಿರ ಬಿಡಲಿಲ್ಲ, ತಳ ಕೆಸರಿಗೆ ಸಿಕ್ಕಿಕೊಳ್ಳುತ್ತದೆ ಅಂದರು. ಮರ ಕಂಡಿತು, ಬೇರು ಕಾಣಲಿಲ್ಲ. ಕೋಡಿಗೆ ಹೋಗುವವರು ನೀರು ಏರಿದ ಹೊತ್ತು ನೋಡಿಕೊಂಡು ದೋಣಿ ಹತ್ತಬೇಕು. ಊಟದ ಮಾತು ಬಂದರೆ ಕುಂದಾಪುರವೇ ಮೊದಲು, ಅದರಲ್ಲಿ ಚರ್ಚೆಯಿಲ್ಲ. ಘೀ ರೋಸ್ಟ್ ತಿನ್ನಲಿಕ್ಕಾದರೂ ಒಮ್ಮೆ ಹೋಗಿ.

ಈಗ ಅಘನಾಶಿನಿ. ಕುಮಟಾದಿಂದ ಬಾಡ, ಕಾಗಾಲ ದಾಟಿ ಹೊಳೆ ಕಡಲು ಸೇರುವ ಊರಿಗೆ ಅರ್ಧ ಗಂಟೆ ಸಾಕು. ಎದುರಿಗೆ ತದಡಿ ಬಂದರು. ನಡುವೆ ಜನರನ್ನೂ ಬೈಕುಗಳನ್ನೂ ಒಟ್ಟಿಗೇ ಹೊತ್ತು ದಾಟಿಸುವ ದೋಣಿ. ಗೋಕರ್ಣದಿಂದ ಬರುವವರು ಇದನ್ನೇ ಹತ್ತಬಹುದು, ಹೆದ್ದಾರಿ ಸುತ್ತುವುದು ತಪ್ಪುತ್ತದೆ. ಕಾಗಾಲದ ದಂಡೆಯಲ್ಲಿ ಮೀನುಗಾರರ ದೋಣಿ, ಒಣಗಲು ಹರಡಿದ ಬಲೆ, ತೆಂಗಿನ ಮರ, ಅಷ್ಟೇ. ವಾರದ ನಡುವೆ ಹೋದರೆ ನೀವೊಬ್ಬರೇ. ಬೆನ್ನು ತಿರುಗಿಸಿ ಊರೊಳಗಿನ ದಾರಿ ಹಿಡಿದು ನಡೆದರೆ ಹೊಳೆ ಕಡೆಯ ಗಜನಿ ಗದ್ದೆಗಳು, ಅವುಗಳಾಚೆ ಕಾಂಡ್ಲ. ದೋಣಿ ಬೇಡ, ಟಿಕೆಟ್ ಬೇಡ. ಎರಡು ದಡಗಳ ನಡುವೆ ಇರುವುದು ಒಂದು ಊರು ಮಾತ್ರ. ನನಗೆ ಹಿಡಿಸಿದ್ದೇ ಅದು.

ಗಜನಿ ಅಂದರೆ ಉಪ್ಪುನೀರು ನುಗ್ಗುವ ತಗ್ಗು ಗದ್ದೆ. ಮಳೆಗಾಲದಲ್ಲಿ ಉಪ್ಪು ತೊಳೆದುಹೋದ ಮೇಲೆ ಅಲ್ಲಿ ಕಗ್ಗ ಭತ್ತ ಬೆಳೆಯುತ್ತಾರೆ. ನೆರೆಯಲ್ಲಿ ಮುಳುಗಿದರೂ, ಸ್ವಲ್ಪ ಉಪ್ಪು ತಾಗಿದರೂ ತಡೆದುಕೊಳ್ಳುವ ತಳಿ. ಕೊಯ್ಲಾದ ಮೇಲೆ ಅದೇ ಗದ್ದೆಗೆ ಹೊಳೆನೀರು ಬಿಟ್ಟರೆ ಸಿಗಡಿ, ಮೀನು. ಗದ್ದೆಯ ಕಟ್ಟೆ ಕೊಚ್ಚಿಹೋಗದ ಹಾಗೆ ಹೊರಗಡೆ ಕಾಯುವುದು ಕಾಂಡ್ಲದ ಬೇರು. ಆ ಕಟ್ಟೆಯ ಮೇಲೆಯೇ ನೀವು ನಡೆಯುವುದು. ಊರವರನ್ನು ಒಂದು ಮಾತು ಕೇಳಿ ಹೋಗಿ. ಯಾರೂ ಬೇಡ ಅನ್ನುವುದಿಲ್ಲ.

ನೀರು ಇಳಿದ ಹೊತ್ತಿನಲ್ಲಿ ಕಟ್ಟೆಯ ಅಂಚಿಗೆ ಕುಕ್ಕರಗಾಲಲ್ಲಿ ಕೂತು ಸುಮ್ನೆ ನೋಡಿ. ಕೆಸರಿನ ತುಂಬ ಪೆನ್ಸಿಲ್ ನೆಟ್ಟ ಹಾಗೆ ಬೇರುಗಳು ಮೇಲಕ್ಕೆ ಎದ್ದಿರುತ್ತವೆ. ಕೆಸರಿನೊಳಗೆ ಗಾಳಿ ಇಲ್ಲ, ಮರ ಉಸಿರಾಡುವುದು ಇವುಗಳಿಂದ. ಅದೇ ಮರದ ಎಲೆ ತಿರುಗಿಸಿ ನಾಲಿಗೆಗೆ ತಾಗಿಸಿ ನೋಡಿ, ಉಪ್ಪು! ಹೀರಿದ ಉಪ್ಪನ್ನು ಎಲೆಯಿಂದಲೇ ಹೊರಗೆ ಹಾಕುತ್ತದೆ. ಗುರುತಿಲ್ಲದ ಬೇರೆ ಗಿಡಕ್ಕೆ ಮಾತ್ರ ಈ ಪ್ರಯೋಗ ಬೇಡ. ಅಳಿವೆಯಲ್ಲಿ ಬೆಳೆಯುವ ಒಂದು ಜಾತಿಯ ಹಾಲು ಕಣ್ಣಿಗೆ ಬಿದ್ದರೆ ಉರಿ ತಡೆಯಲಾಗುವುದಿಲ್ಲ. ಇನ್ನೊಂದು ಜಾತಿಯದ್ದು ಕೊಂಬೆಯಲ್ಲೇ ಮೊಳಕೆಯೊಡೆದ ಉದ್ದನೆಯ ಕಾಯಿ. ಬಿದ್ದು ಕೆಸರಿಗೆ ನಾಟಿಕೊಂಡರೆ ಅದೇ ಸಸಿ. ಐದು ನಿಮಿಷ ಅಲ್ಲಾಡದೆ ಕೂತರೆ ಏಡಿಗಳು ತೂತಿನಿಂದ ಈಚೆ ಬರುತ್ತವೆ. ಗಂಡು ಏಡಿಗೆ ಒಂದು ಕೊಂಡಿ ಮೈಯಷ್ಟೇ ದೊಡ್ಡದು. ಅದನ್ನು ಮೇಲೆ ಕೆಳಗೆ ಬೀಸುತ್ತಾ ಇರುತ್ತದೆ. ನೀವು ಕೈ ಎತ್ತಿದ ತಕ್ಷಣ ಎಲ್ಲ ಮಾಯ.

ಅದೇ ಹೊತ್ತಿಗೆ ಹೊಳೆಯಲ್ಲಿ ಹೆಂಗಸರು ಚಿಪ್ಪಿಕಲ್ಲು ಆರಿಸುತ್ತಿರುತ್ತಾರೆ. ಸೊಂಟದವರೆಗೆ ನೀರು, ಕಾಲಿನಲ್ಲೇ ಮರಳು ತಡಕಿ ಬಳಚು (ಈ ಚಿಪ್ಪಿಕಲ್ಲಿಗೆ ಇಲ್ಲಿನ ಹೆಸರು) ಎಲ್ಲಿದೆ ಅಂತ ಹೇಳಬಲ್ಲರು. ಈ ಚಿಪ್ಪಿಕಲ್ಲು ಹೊನ್ನಾವರದ ಕಡೆ ಈಗ ಇಷ್ಟು ಸಿಗುವುದಿಲ್ಲ. ಎರಡು ಹೊಳೆಗಳ ವ್ಯತ್ಯಾಸ ಅಲ್ಲೇ ಇದೆ. ಶರಾವತಿಗೆ ಲಿಂಗನಮಕ್ಕಿ, ಗೇರುಸೊಪ್ಪ ಅಣೆಕಟ್ಟುಗಳು. ಕರೆಂಟು ಮಾಡಿ ಬಿಟ್ಟ ಸಿಹಿನೀರು ಬೇಸಿಗೆಯಲ್ಲೂ ಇಳಿದು ಬರುತ್ತದೆ, ಅಳಿವೆಯಲ್ಲಿ ಉಪ್ಪು ತೆಳುವಾಗುತ್ತದೆ. ಅಘನಾಶಿನಿಗೆ ಅಣೆಕಟ್ಟಿಲ್ಲ. ಬೇಸಿಗೆಯಲ್ಲಿ ಉಪ್ಪು ದೂರದವರೆಗೆ ಏರುತ್ತದೆ, ಮಳೆಯಲ್ಲಿ ಪೂರ್ತಿ ಇಳಿಯುತ್ತದೆ. ಆ ಏರಿಳಿತವನ್ನೇ ನಂಬಿ ಬಳಚು, ಗಜನಿ, ಸಾಣಿಕಟ್ಟಾದ ಉಪ್ಪು ಎಲ್ಲ ಬದುಕಿವೆ. 2024ರಲ್ಲಿ ಈ ಅಳಿವೆಯ 4,801 ಹೆಕ್ಟೇರ್ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿ ಸೇರಿತು. ಇನ್ನೊಂದು ಕಡೆ ಇದೇ ಹೊಳೆಯ ನೀರನ್ನು ಘಟ್ಟದ ಮೇಲೆ ವೇದಾವತಿ ನದಿಗೆ ತಿರುಗಿಸುವ ಮಾತೂ ನಡೆದಿದೆ. ಈ ಎರಡು ಒಟ್ಟಿಗೆ ಹೇಗೆ ನಡೆಯುತ್ತವೋ, ನನಗಂತೂ ತಲೆಗೆ ಹೋಗುತ್ತಿಲ್ಲ.

ತೊಂದರೆಗಳೂ ಕಡಿಮೆ ಇಲ್ಲ. ದಂಡೆಯಲ್ಲಿ ಶೌಚಾಲಯ, ಸ್ನಾನ, ಜೀವರಕ್ಷಕ ಅಂತ ಏನೂ ನಂಬಿಕೊಂಡು ಹೋಗುವ ಹಾಗಿಲ್ಲ. ಅಳಿವೆ ಬಾಯಿಯ ಹತ್ತಿರ ಸೆಳೆತ ಜೋರು, ಈಜು ಬರುವವರೂ ಅಲ್ಲಿ ಇಳಿಯಬಾರದು. ಮಧ್ಯಾಹ್ನದ ಊಟಕ್ಕೆ ಕುಮಟಾಕ್ಕೇ ವಾಪಸು ಬರಬೇಕು, ಇಲ್ಲವೇ ಬುತ್ತಿ ಕಟ್ಟಿಕೊಂಡು ಹೋಗಬೇಕು. ಕಲ್ಲಿಗೆ ಅಂಟಿದ ಚಿಪ್ಪು ಬ್ಲೇಡಿಗಿಂತ ಹರಿತ, ಹವಾಯಿ ಚಪ್ಪಲಿ ಸಾಲದು. ಹಿಂದೆ ಪಟ್ಟಿ ಇರುವ ಹಳೇ ಸ್ಯಾಂಡಲ್ ಹಾಕಿಕೊಳ್ಳಿ. ಇನ್ನು ಬಿಸಿಲು. ಹಲಗೆ ದಾರಿಯಲ್ಲಿ ಮರದ ನೆರಳಿದೆ, ಗಜನಿ ಕಟ್ಟೆಯಲ್ಲಿ ಒಂದಿಷ್ಟೂ ಇಲ್ಲ. ನಮ್ಮ ಜೊತೆ ಬಂದ ಸಂಬಂಧಿಕರೊಬ್ಬರು ಹತ್ತೂವರೆಗೇ "ಇಲ್ಲೇನಿದೆ ಮಾರಾಯಾ, ಬರೀ ಕೆಸರು" ಅಂತ ಕಾರಿನ ಎಸಿ ಹುಡುಕಿಕೊಂಡು ಹೋದರು. ಅಂಥವರಿಗೆ ಕಾಸರಕೋಡೇ ಸರಿ, ಬೇಜಾರೇನಿಲ್ಲ.

ಜೂನ್, ಜುಲೈಯಲ್ಲಿ ಮೂರೂ ಬೇಡ. ಕಡಲು ಕೆರಳಿರುತ್ತದೆ, ಯಾಂತ್ರಿಕ ಬೋಟುಗಳಿಗೂ ಆ 61 ದಿನ ರಜೆ. ನವೆಂಬರಿನಿಂದ ಫೆಬ್ರವರಿ ಒಳ್ಳೆಯದು. ತಾರೀಖು ಗೊತ್ತು ಮಾಡುವ ಮೊದಲು ಭರತ ಇಳಿತದ ಸಮಯ ನೋಡಿ, ಫೋನಿನಲ್ಲೇ ಸಿಗುತ್ತದೆ. ದಿನಕ್ಕೆ ಎರಡು ಸಲ ಏರಿ ಇಳಿಯುತ್ತದೆ, ಪ್ರತಿದಿನ ಹೆಚ್ಚುಕಡಿಮೆ 50 ನಿಮಿಷ ತಡ. ಅಮಾವಾಸ್ಯೆ ಹುಣ್ಣಿಮೆ ಆಸುಪಾಸಿನಲ್ಲಿ ನೀರು ಜಾಸ್ತಿ ಹಿಂದೆ ಸರಿಯುತ್ತದೆ, ಬೇರು ಏಡಿ ಎಲ್ಲ ಚೆನ್ನಾಗಿ ಕಾಣುತ್ತವೆ.

ಒಂದೇ ದಿನ ಇದೆ, ಮನೆಮಂದಿಯೆಲ್ಲ ಜೊತೆಗಿದ್ದಾರೆ ಅಂದರೆ ಕುಮಟಾದಲ್ಲಿ ಉಳಿಯಿರಿ. ಬೆಳಿಗ್ಗೆ ಏಳೆಂಟರ ಹೊತ್ತಿಗೆ ನೀರು ಇಳಿಯುವ ದಿನ ಆರಿಸಿ, ನಡೆಯುವವರು ಮಾತ್ರ ಅಘನಾಶಿನಿಗೆ ಹೋಗಿ, ಬಿಸಿಲೇರುವ ಮೊದಲೇ ವಾಪಸು ಬನ್ನಿ. ಊಟ, ಸಣ್ಣ ನಿದ್ದೆ. ನಾಲ್ಕಕ್ಕೆ ಎಲ್ಲರನ್ನೂ ಹತ್ತಿಸಿಕೊಂಡು ಕಾಸರಕೋಡು. ನಡುವೆ ಇಪ್ಪತ್ತು ಕಿಲೋಮೀಟರ್ ಆಸುಪಾಸು. ಕಾಂಡ್ಲ ವನಕ್ಕೆ ಮೊದಲು ಹೋಗಿ, ಆಮೇಲೆ ಬೀಚು. ಸಂಜೆಯಾದ ಮೇಲೆ ಹಲಗೆ ದಾರಿಯ ಗೇಟು ಹಾಕಿಬಿಡುತ್ತಾರೆ.