ರೈಲಿನಲ್ಲಿ ಓದಲು ಮೂರು ಪುಸ್ತಕ: ನನ್ನ ಓಟು ಕರ್ವಾಲೊಗೆ

ಏಳೆಂಟು ವರ್ಷ ನಾನು ಪುಸ್ತಕ ಮುಟ್ಟಿರಲಿಲ್ಲ. ಮಗಳು ಚಿಕ್ಕವಳು, ಮನೆಯಲ್ಲಿ ವಯಸ್ಸಾದ ಮಾವನವರು, ಆಫೀಸು ಬೇರೆ. ಹಾಗೇ ಬಿಟ್ಟುಹೋಯಿತು. ಹೋದ ವರ್ಷ ಬೆಂಗಳೂರಿಗೆ ವರ್ಗ ಆಯಿತು, ಮನೆ ಮಾತ್ರ ತುಮಕೂರಲ್ಲೇ. ದಿನಾ ಯಶವಂತಪುರಕ್ಕೆ ಪಾಸಿನ ಓಡಾಟ. ಎರಡು ತಿಂಗಳು ಫೋನ್ ನೋಡಿ ನೋಡಿ ಕಣ್ಣು ಉರಿ ಬಂತು. ಆಮೇಲೆ ಸಾವಿರ ರೂಪಾಯಿ ಎತ್ತಿಟ್ಟು ಮೂರು ಪುಸ್ತಕ ಕೊಂಡೆ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’, ತೇಜಸ್ವಿ ಅವರ ‘ಕರ್ವಾಲೊ’, ಡಿವಿಜಿ ಅವರ ‘ಮಂಕುತಿಮ್ಮನ ಕಗ್ಗ’.

ಯಾವುದು ದೊಡ್ಡ ಪುಸ್ತಕ ಅನ್ನುವುದು ಇಲ್ಲಿ ವಿಷಯವೇ ಅಲ್ಲ. ಓದು ಬಿಟ್ಟುಹೋದವರನ್ನು ಮತ್ತೆ ಓದಿಗೆ ಎಳೆದು ತರುವುದು ಯಾವುದು, ಅಷ್ಟೇ ನನ್ನ ಪ್ರಶ್ನೆ. ನನ್ನ ಮಟ್ಟಿಗೆ ಅದು ಕರ್ವಾಲೊ. ಉಳಿದೆರಡು ಹತ್ತಿರಕ್ಕೂ ಬರಲಿಲ್ಲ.

ಆದರೂ ನಾನು ಮೊದಲು ಹಿಡಿದದ್ದು ಮದುಮಗಳನ್ನು. ಕಾಲೇಜಿನಲ್ಲಿ ಇದ್ದಾಗಿಂದ ಆಸೆ ಇತ್ತು. ತುಂಬಾ ದಪ್ಪ ಪುಸ್ತಕ ಅಂತ ಗೊತ್ತಿದ್ದರೂ, ಟಿಫನ್ ಡಬ್ಬಿ, ನೀರಿನ ಬಾಟಲಿ, ಕೊಡೆ ಇರುವ ಬ್ಯಾಗಿಗೆ ಅದನ್ನೂ ತುರುಕಿದೆ. ಸೀಟು ಸಿಕ್ಕರೆ ಸರಿ. ನಿಂತುಕೊಂಡು ಒಂದು ಕೈಯಲ್ಲಿ ಅದನ್ನು ಹಿಡಿಯಲು ಆಗುವುದಿಲ್ಲ.

ಕಥೆ ನಡೆಯುವುದು 19ನೇ ಶತಮಾನದ ಕೊನೆಯ ತೀರ್ಥಹಳ್ಳಿ ಸೀಮೆಯಲ್ಲಿ. ಸಿಂಬಾವಿ, ಬೆಟ್ಟಳ್ಳಿ, ಹಳೆಮನೆ, ಕೋಣೂರು, ಒಂದೊಂದು ಮನೆಗೂ ಒಬ್ಬ ಯಜಮಾನ, ಅವನ ಬಂಧುಬಳಗ, ಆಳುಕಾಳು. ಬೆಳಗ್ಗೆ ಓದಿ ನಿಲ್ಲಿಸಿ, ಸಂಜೆ ಮತ್ತೆ ತೆರೆದರೆ ಯಾರು ಯಾರ ಮಗ ಅನ್ನುವುದೇ ಮರೆತುಹೋಗುತ್ತಿತ್ತು. ಕೊನೆಗೆ ಒಂದು ಚೀಟಿಯಲ್ಲಿ ಮನೆಗಳ ಹೆಸರು ಬರೆದು, ಕೆಳಗೆ ಆ ಮನೆಯವರನ್ನು ಬರೆದು, ಅದನ್ನೇ ಪುಟದ ಗುರುತಿಗೆ ಇಟ್ಟುಕೊಂಡೆ. ಚೀಟಿ ಬಂದ ಮೇಲೆ ಓದು ಸಲೀಸಾಯಿತು. ನಾಯಿಗುತ್ತಿಯೂ ಅವನ ನಾಯಿ ಹುಲಿಯನೂ ಕಾಡಿನ ದಾರಿಯಲ್ಲಿ ನಡೆಯುತ್ತಿದ್ದರೆ ನಾನೂ ಹಿಂದೆಯೇ ಇದ್ದೆ. ಬೋಗಿಯ ಗದ್ದಲ ಕಿವಿಗೆ ಬೀಳುತ್ತಲೇ ಇರಲಿಲ್ಲ.

ಅಷ್ಟರಲ್ಲಿ ಬಂತು ನೋಡಿ ತೊಂದರೆ.

ಒಂದು ಬೆಳಗ್ಗೆ, ಕ್ಯಾತ್ಸಂದ್ರ ದಾಟಿದ್ದೇವೆ. ಗುತ್ತಿ ತಿಮ್ಮಿಯನ್ನು ಕರೆದುಕೊಂಡು ಹೋಗುವ ಭಾಗ, ಉಸಿರು ಬಿಗಿಹಿಡಿದು ಓದುತ್ತಿದ್ದೇನೆ. ಪುಟ ತಿರುಗಿಸಿದೆ. ಮೊದಲೇ ಓದಿದ ಸಾಲು. ನಿದ್ದೆಗಣ್ಣಲ್ಲಿ ಹಿಂದಿನ ಪುಟ ತೆಗೆದೆನೇನೋ ಅಂದುಕೊಂಡು ಕೆಳಗಿನ ಅಂಕಿ ನೋಡಿದೆ. 16 ಪುಟ ಹಿಂದಿನದು! ಮುಂದಕ್ಕೆ ಮಗುಚಿದೆ. ಆ 16 ಪುಟವೂ ಎರಡನೇ ಸಲ ಬಂದಿದ್ದವು. ಅದು ಮುಗಿದ ಮೇಲೆ ಕಥೆ ಎಲ್ಲೋ ಹಾರಿಹೋಗಿತ್ತು. ಬೈಂಡಿಂಗ್ ಮಾಡುವಾಗ ಒಂದು ಫಾರಂ, ಅಂದರೆ ಒಟ್ಟಿಗೆ ಮಡಚಿ ಹೊಲಿಯುವ 16 ಪುಟದ ಕಟ್ಟು, ಎರಡು ಸಲ ಸೇರಿ, ಅದರ ಮುಂದಿನ ಫಾರಂ ಬಿಟ್ಟೇಹೋಗಿತ್ತು.

ಪುಸ್ತಕ ತರಿಸಿದ್ದು ಆನ್‌ಲೈನಿನಲ್ಲಿ. ವಾಪಸ್ ಮಾಡಲು 7 ದಿನ ಗಡುವು. ನಾನು ಆ ಜಾಗ ತಲುಪಿದ್ದು 24ನೇ ದಿನ. ಮಾರಿದವರಿಗೆ ಫೋನ್ ಮಾಡಿದೆ. ಫೋಟೊ ಕಳಿಸಿ ಅಂದರು, ಎರಡೂ ಪುಟ ಪಕ್ಕಪಕ್ಕ ಇಟ್ಟು ಕಳಿಸಿದೆ. ಮೂರು ದಿನ ಬಿಟ್ಟು ಉತ್ತರ ಬಂತು: ಗಡುವು ಮುಗಿದಿದೆ, ಏನೂ ಮಾಡಲು ಆಗುವುದಿಲ್ಲ. ಇಷ್ಟು ದಪ್ಪದ ಕಾದಂಬರಿಯನ್ನು ಕೆಲಸಕ್ಕೆ ಹೋಗುವವರು 7 ದಿನದಲ್ಲಿ ಓದಿ ಮುಗಿಸುತ್ತಾರಾ? ನನಗೆ ನಿಜವಾಗಿ ಅಳು ಬಂತು. ದುಡ್ಡಿಗಲ್ಲ. ಅಷ್ಟು ವರ್ಷದ ಮೇಲೆ ಓದಿನ ರುಚಿ ಹತ್ತಿತ್ತು, ಅದು ನಡುವೆ ಕಡಿದುಹೋಯಿತಲ್ಲ ಅಂತ.

ಒಂದು ಶನಿವಾರ ಲೈಬ್ರರಿಗೆ ಹೋದೆ. ಅಲ್ಲಿ ಇದ್ದದ್ದು ಹಳೆಯ ಮುದ್ರಣ, ಪುಟದ ಸಂಖ್ಯೆ ನನ್ನದಕ್ಕೆ ಹೊಂದುತ್ತಿರಲಿಲ್ಲ. ನಿಂತಲ್ಲೇ ಪುಟ ಮಗುಚಿ ಮಗುಚಿ, ನಾನು ಓದಿ ನಿಲ್ಲಿಸಿದ್ದ ಸಾಲು ಸಿಗುವ ಹೊತ್ತಿಗೆ ಅರ್ಧ ಗಂಟೆ. ಕೂತು ಬಿಟ್ಟುಹೋದದ್ದನ್ನು ಓದಿದೆ. ಆದರೆ ರಾತ್ರಿಯ ಕಾಡಿನಲ್ಲಿ ನಡೆಯುತ್ತಿದ್ದವರ ಜೊತೆ ಇದ್ದ ಆ ಭಾವ ಟ್ಯೂಬ್‌ಲೈಟಿನ ಕೆಳಗೆ ಮತ್ತೆ ಬರಲಿಲ್ಲ. ದಪ್ಪ ಪುಸ್ತಕ ಯಾವುದೇ ಬರಲಿ, ಬಂದ ದಿನವೇ ಪುಟದ ಅಂಕಿಗಳನ್ನು ಒಮ್ಮೆ ಮೊದಲಿಂದ ಕೊನೆವರೆಗೆ ಮಗುಚಿ ನೋಡಿ. ಹತ್ತು ನಿಮಿಷದ ಕೆಲಸ.

ಕಾದಂಬರಿಯನ್ನು ಪೂರ್ತಿ ಓದಿದೆ. ಹುಲಿಯನಿಗೆ ಏನಾಯಿತು ಅಂತ ಓದದೇ ಇರುವವರಿಗೆ ಹೇಳುವುದಿಲ್ಲ. ಆ ದಿನ ಸ್ಟೇಷನ್ನಿನಲ್ಲಿ ಇಳಿದು ಸ್ವಲ್ಪ ಹೊತ್ತು ಬೆಂಚಿನ ಮೇಲೆ ಕೂತೇ ಇದ್ದೆ. ಇದು ರಜೆಯಲ್ಲಿ, ಮನೆಯಲ್ಲಿ, ದಿಂಬಿಗೆ ಒರಗಿ ಓದುವ ಪುಸ್ತಕ. ಪಾಸಿನವರಿಗೆ ಅಲ್ಲ.

ಕಗ್ಗದ ವಿಷಯ ಬೇಗ ಮುಗಿಯುತ್ತದೆ. ನಾಲ್ಕು ಸಾಲಿನ ಪದ್ಯ, ರೈಲಿಗೆ ಹೇಳಿ ಮಾಡಿಸಿದ್ದು ಅಂದುಕೊಂಡಿದ್ದೆ. ಆದರೆ ನಾನು ತಂದದ್ದು ಬರೀ ಪದ್ಯ ಇರುವ ಪುಸ್ತಕ, ಅರ್ಥ ಇಲ್ಲ. ಪದ ಪದ ಸೇರಿಕೊಂಡು ಬಂದಿರುತ್ತವೆ, ಎಲ್ಲಿ ಬಿಡಿಸಬೇಕು ಅಂತ ನನಗೆ ತಿಳಿಯುತ್ತಿರಲಿಲ್ಲ. ಅರ್ಥ ಇರುವ ಪುಸ್ತಕವೇ ತೆಗೆದುಕೊಳ್ಳಿ, ಅವೂ ಸಿಗುತ್ತವೆ. ನನ್ನ ಪ್ರತಿ ಈಗ ಮಾವನವರ ಹತ್ತಿರ ಇದೆ. ಅವರಿಗೆ ಎಷ್ಟೋ ಪದ್ಯ ಬಾಯಿಪಾಠ. ಬೆಳಗ್ಗೆ ಕಾಫಿ ಹೊತ್ತಿಗೆ ಒಂದು ಪದ್ಯ ರಾಗವಾಗಿ ಹೇಳಿ ಅರ್ಥ ಬಿಡಿಸುತ್ತಾರೆ. ಇರುವುದು 945 ಪದ್ಯ. ದಿನಕ್ಕೊಂದರಂತೆ ಹೋದರೆ ಎರಡೂವರೆ ವರ್ಷಕ್ಕೂ ಜಾಸ್ತಿ ಬೇಕು. ಅದು ಹಾಗೇ ನಡೆಯಲಿ ಅಂತಲೇ ನನಗೂ ಆಸೆ.

ಇನ್ನು ಕರ್ವಾಲೊ. 1980ರಲ್ಲಿ ಬಂದ ಪುಸ್ತಕ, ತೆಳ್ಳಗಿದೆ. ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಪುಸ್ತಕ, ಹೆಬ್ಬೆರಳಲ್ಲಿ ಪುಟ ತಿರುಗಿಸಬಹುದು. ಅದಕ್ಕಿಂತ ಮುಖ್ಯ, ಎಲ್ಲಿ ಬಿಟ್ಟರೂ ಎಳೆ ತಪ್ಪುವುದಿಲ್ಲ. ಜೇನುತುಪ್ಪ ಕೊಳ್ಳಲು ಹೋದಲ್ಲಿಂದ ಕಥೆ ಶುರು. ಮೂಡಿಗೆರೆ ಕಡೆಯ ಒಬ್ಬ ರೈತ ನಮ್ಮ ಪಕ್ಕ ಕೂತು ಮಾತಾಡಿದ ಹಾಗೆ. ಮಂದಣ್ಣ, ಬಿರಿಯಾನಿ ಕರಿಯಪ್ಪ, ಪ್ರಭಾಕರ, ಕಿವಿ ಅನ್ನುವ ನಾಯಿ. ಜನ ಕಡಿಮೆ, ಚೀಟಿ ಬೇಡ. ಒಂದು ಸಲ ಪರಿಚಯ ಆದರೆ ಸಾಕು, ಮರೆಯುವುದೇ ಇಲ್ಲ.

ನನ್ನನ್ನು ಹಿಡಿದದ್ದು ಮಂದಣ್ಣ. ಊರಿನವರ ಕಣ್ಣಿಗೆ ಅವನು ದಡ್ಡ, ಅಲೆಮಾರಿ. ಆದರೆ ಕಾಡಿನಲ್ಲಿ ಯಾರಿಗೂ ಕಾಣದ್ದು ಅವನಿಗೆ ಕಾಣುತ್ತದೆ. ವಿಜ್ಞಾನಿ ಕರ್ವಾಲೊ ಅವನ ಹಿಂದೆ ಬಿದ್ದಿರುವುದು ಅದಕ್ಕೇ. ಒಬ್ಬ ಓದಿದವರು, ಇನ್ನೊಬ್ಬ ಓದು ಹತ್ತದವನು, ಇಬ್ಬರೂ ಒಂದು ಹಾರುವ ಓತಿಯನ್ನು ಹುಡುಕುತ್ತಾ ಹೊರಡುತ್ತಾರೆ. ಸಂಜೆ ಚಿಕ್ಕಬಾಣಾವರದ ಹತ್ತಿರ ಸಿಗ್ನಲ್ಲಿಗೆ ನಿಂತ ರೈಲಿನಲ್ಲಿ ಇದನ್ನು ಓದುತ್ತಾ, ಕಿಟಕಿಯ ಆಚೆ ಮರದ ಕಾಂಡವನ್ನು ನಾನು ಸುಮ್ನೆ ದಿಟ್ಟಿಸಿ ನೋಡಿದ್ದೇನೆ. ಏನೂ ಇರಲಿಲ್ಲ. ಆದರೆ ಎಷ್ಟು ವರ್ಷದಿಂದ ನಾನು ಒಂದು ಮರವನ್ನು ಹಾಗೆ ನೋಡಿರಲಿಲ್ಲ!

ಒಂದು ಕೊರತೆ ಹೇಳಲೇಬೇಕು. ಹೆಂಗಸರ ಒಳಗನ್ನು ಇದು ಹೆಚ್ಚು ಮುಟ್ಟುವುದಿಲ್ಲ. ಕುವೆಂಪು ತಿಮ್ಮಿಯ ಭಯ, ಪೀಂಚಲುವಿನ ಖುಷಿ, ಚಿನ್ನಮ್ಮನ ತಳಮಳ ಬರೆದ ಹಾಗೆ ಇಲ್ಲಿ ಯಾರೂ ಇಲ್ಲ. ಅಪ್ಪ ಮಗನ ಪುಸ್ತಕಗಳನ್ನು ಒಂದರ ಹಿಂದೆ ಒಂದು ಓದಿದ್ದರಿಂದ ನನಗೆ ಇದು ಎದ್ದು ಕಂಡಿತು.

ದುಡ್ಡಿನ ಲೆಕ್ಕವೂ ಕರ್ವಾಲೊ ಕಡೆಗೇ. ಮದುಮಗಳು ಕೊಂಡ ದುಡ್ಡಿಗೆ ತೇಜಸ್ವಿಯವರ ಎರಡು ಪುಸ್ತಕ ಬರುತ್ತವೆ. ನಿಮಗೆ ದಿನಕ್ಕೆ ಸಿಗುವುದು ಚೂರು ಚೂರು ಹೊತ್ತು, ಬಿಟ್ಟು ವರ್ಷಗಳಾಗಿವೆ ಅಂದರೆ ಇದರಿಂದಲೇ ಶುರು ಮಾಡಿ. ಆಮೇಲೆ ಬೇಸಿಗೆ ರಜೆಗೆ ಮದುಮಗಳು ಇರಲಿ, ಚೀಟಿ ಮರೆಯಬೇಡಿ.

ನನ್ನ ಕರ್ವಾಲೊ ಈಗ ನನ್ನ ಹತ್ತಿರ ಇಲ್ಲ. ದಿನಾ ಎದುರು ಸೀಟಿನಲ್ಲಿ ಕೂರುವ ಅಕ್ಕ ಒಬ್ಬರು, ಅಷ್ಟೊಂದು ಮುಳುಗಿ ಓದುತ್ತೀರಲ್ಲ, ಏನದು ಅಂತ ಕೇಳಿದರು. ಮುಗಿಸಿದ ದಿನವೇ ಕೈಗೆ ಕೊಟ್ಟೆ. ಅವರಿನ್ನೂ ಮಂದಣ್ಣನ ಮದುವೆಯ ಹತ್ತಿರ ಇದ್ದಾರೆ.