ಆರು ತಿಂಗಳ ಅಮೆರಿಕ ವಾಸಕ್ಕೆ ಮಾತ್ರೆ: ಒಯ್ಯುವುದೇ, ತರಿಸುವುದೇ, ಅಲ್ಲೇ ಕೊಳ್ಳುವುದೇ?

ಕಾಫಿ ಕೊಯ್ಲು ಮುಗಿದ ಮೇಲೆ ಗೋಣಿಕೊಪ್ಪದಿಂದ ಮಗಳ ಮನೆಗೆ ಎರಡು ಸಲ ಹೋಗಿ, ಎರಡು ಸಲವೂ ಆರು ತಿಂಗಳ ಹತ್ತಿರ ಉಳಿದು ಬಂದಿದ್ದೇವೆ. ನನಗೂ ಪತ್ನಿಗೂ ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆಗಳು ಒಂದು ದಿನವೂ ತಪ್ಪುವಂತಿಲ್ಲ. ಪ್ರಯಾಣಿಕರು ಸ್ವಂತ ಬಳಕೆಗೆ ಸಾಮಾನ್ಯವಾಗಿ 90 ದಿನಗಳಷ್ಟು ಔಷಧವನ್ನು ಮಾತ್ರ ಅಮೆರಿಕಕ್ಕೆ ಒಯ್ಯಬಹುದಾದ್ದರಿಂದ, ಚಿಂತೆಯೆಲ್ಲ ಉಳಿದ ಮೂರು ತಿಂಗಳದ್ದು.

ಮೊದಲ ಮೂರು ತಿಂಗಳಿಗೆ ಕೈಚೀಲದಲ್ಲಿ ಒಯ್ಯುವುದೇ ಸರಿ. ನಮ್ಮ ಮೆಡಿಕಲ್ ಶಾಪುಗಳಲ್ಲಿ ಬೇಕಾದಷ್ಟು ಮಾತ್ರೆಗಳನ್ನು ಕತ್ತರಿಸಿ ಕೊಡುವ ರೂಢಿಯಿದ್ದು, ಆ ತುಂಡಿನಲ್ಲಿ ಔಷಧದ ಹೆಸರೋ ಅವಧಿ ಮುಗಿಯುವ ದಿನಾಂಕವೋ ಇಲ್ಲವಾಗಿರುತ್ತದೆ. ಪೂರ್ತಿ ಸ್ಟ್ರಿಪ್‌ಗಳನ್ನೇ ಬಿಲ್ಲಿನೊಂದಿಗೆ ಕೇಳಿ ಪಡೆಯಬೇಕು. ಜಾಗ ಉಳಿಸಲೆಂದು ಬಿಡಿಸಿ ಡಬ್ಬಿಗೆ ತುಂಬುವುದೂ ಬೇಡ. ಬಿಪಿಗೆ ಕೊಡುವ ಟೆಲ್ಮಿಸಾರ್ಟಾನ್ ತೇವ ಹೀರುವ ಮಾತ್ರೆ. ಕಕ್ಕಡದ ಮಳೆಯಲ್ಲಿ ಪತ್ನಿ ವಾರದ ಡಬ್ಬಿಗೆ ಬಿಡಿಸಿಟ್ಟವು ನಾಲ್ಕನೇ ದಿನಕ್ಕೆ ಮೆತ್ತಗಾಗಿ ಬೆರಳಿಗೆ ಅಂಟುತ್ತಿದ್ದವು.

ಮೊದಲ ಸಲ ಉಳಿದದ್ದನ್ನು ಕೊರಿಯರ್‌ನಲ್ಲಿ ತರಿಸಿದೆವು. 90 ದಿನ ಮೀರಿ ಉಳಿಯುವ ವಿದೇಶಿಯರಿಗೆ ಇದಕ್ಕೆ ಅವಕಾಶವಿದೆ. ಆದರೆ ವೀಸಾ ಮತ್ತು ಪಾಸ್‌ಪೋರ್ಟಿನ ಪ್ರತಿ, ವೈದ್ಯರ ಪತ್ರ, ಇಂಗ್ಲಿಷಿನಲ್ಲಿರುವ ಔಷಧ ಚೀಟಿ ಪೊಟ್ಟಣದ ಜೊತೆಗೇ ಇರಬೇಕು. ನನ್ನ ತಮ್ಮ ಕಳುಹಿಸಿದ ಪೊಟ್ಟಣದಲ್ಲಿ ವೈದ್ಯರ ಪತ್ರ ಸೇರಿರಲಿಲ್ಲ. ಅದು ತಪಾಸಣೆಯಲ್ಲಿ 19 ದಿನ ನಿಂತಿತು. ಸ್ಟ್ರಿಪ್‌ನಲ್ಲಿ ನಾಲ್ಕೇ ಮಾತ್ರೆ ಉಳಿದಿದ್ದ ರಾತ್ರಿ ಪತ್ನಿ, "ದಿನ ಬಿಟ್ಟು ದಿನ ತಗೊಂಡ್ರೆ ಆಗಲ್ವಾ?" ಎಂದು ಕೇಳಿದಾಗ ನನಗೆ ಉತ್ತರ ಹೊಳೆಯಲಿಲ್ಲ. ಅಂಥ ಪ್ರಶ್ನೆ ಯಾರ ಮನೆಯಲ್ಲೂ ಏಳಬಾರದು.

ಎರಡನೇ ಸಲ ತಲುಪಿದ ತಿಂಗಳೊಳಗೇ ಅಲ್ಲಿನ ವೈದ್ಯರನ್ನು ಕಂಡೆವು, ಏಕೆಂದರೆ ನಮ್ಮೂರಿನ ಚೀಟಿಗೆ ಅಲ್ಲಿನ ಅಂಗಡಿಯಲ್ಲಿ ಮಾತ್ರೆ ಸಿಗುವುದಿಲ್ಲ. ವೈದ್ಯರ ಶುಲ್ಕ ಭಾರವೇ. ಮೊದಲೇ ಇದ್ದ ಕಾಯಿಲೆಗೆ ಸಂದರ್ಶಕರ ವಿಮೆ ಸಾಮಾನ್ಯವಾಗಿ ಒದಗುವುದೂ ಇಲ್ಲ. ಆದರೆ ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್‌ನಂಥ ಹಳೆಯ ಔಷಧಗಳು ನಾವು ಹೆದರಿದಷ್ಟು ದುಬಾರಿಯಾಗಿರಲಿಲ್ಲ. ತೊಡಕಾದದ್ದು ಹೆಸರುಗಳಲ್ಲಿ. ನಮ್ಮಲ್ಲಿನ ಕಂಪನಿಗಳು ಮಾತ್ರೆಗಳಿಗೆ ಇಟ್ಟ ಹೆಸರುಗಳು ಅಲ್ಲಿ ಯಾರಿಗೂ ಗೊತ್ತಿಲ್ಲ. ಗ್ಲಿಮೆಪಿರೈಡ್ ಮತ್ತು ಮೆಟ್‌ಫಾರ್ಮಿನ್ ಸೇರಿದ ನನ್ನ ಜೋಡಿ ಮಾತ್ರೆ ಸಿಗದೆ, ವೈದ್ಯರು ಎರಡನ್ನೂ ಬೇರೆ ಬೇರೆಯಾಗಿ ಬರೆದುಕೊಟ್ಟರು. ಹೊರಡುವ ಮೊದಲೇ ನಮ್ಮ ವೈದ್ಯರಿಂದ ಪ್ರತಿ ಮಾತ್ರೆಯೊಳಗಿನ ಮೂಲ ಔಷಧದ ಹೆಸರನ್ನೂ ಮಿಲಿಗ್ರಾಂ ಪ್ರಮಾಣವನ್ನೂ ಅಚ್ಚು ಹಾಕಿಸಿಕೊಂಡಿದ್ದರಿಂದ ಆ ಕೆಲಸ ಸುಲಭವಾಯಿತು.

ಖರ್ಚು ಹೆಚ್ಚಾದರೂ ಮುಂದಿನ ಸಲವೂ ಈ ದಾರಿಯನ್ನೇ ಹಿಡಿಯುತ್ತೇವೆ. ಅಲ್ಲಿ ಸಿಗದ, ಬದಲಿಯೂ ಇಲ್ಲದ ಔಷಧವಿದ್ದರೆ ಮಾತ್ರ ಕೊರಿಯರ್, ಅದೂ 45ನೇ ದಿನಕ್ಕೇ ಊರಿನಿಂದ ಹೊರಡುವಂತೆ.